ಕೆಂಡಕ್ಕನ ಕ್ಯಾಮೆರಾ

ಡಬ್ಬ ಬಿಚ್ಚಿದ ಕೂಡಲೇ ಕೆಂಡಕ್ಕ ನೋಡಿದ್ದು ಕ್ಯಾಮೆರಾವನ್ನಲ್ಲ, ಲೆನ್ಸಿನ ಹಿಂಭಾಗವನ್ನು. ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಯ ಸುತ್ತ ತೆಳ್ಳನೆಯ ಒಂದು ರಬ್ಬರ್ ಉಂಗುರ ಇರಬೇಕಿತ್ತು. ಬೆರಳಾಡಿಸಿ ನೋಡಿದಳು, ಕನ್ನಡಕ ಹಾಕಿಕೊಂಡು ನೋಡಿದಳು, ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಇಲ್ಲದ್ದು ಎಲ್ಲಿಟ್ಟು ನೋಡಿದರೂ ಇಲ್ಲ. ಅವಳ ಕಿವಿಯ ತುದಿ ಕೆಂಪಗಾಯಿತು. ಕಲ್ಲುಗಣಿಯ ಆಫೀಸಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಕೆಂಡಕ್ಕನ ಕಿವಿ ಕೆಂಪಾದರೆ ಬುದ್ಧಿವಂತರು ಬಾಗಿಲು ಯಾವ ಕಡೆಗಿದೆ ಅಂತ ನೋಡಿಕೊಳ್ಳುತ್ತಿದ್ದರು.

ಖರೀದಿ ಅಧಿಕಾರಿ ಬುದ್ಧಿವಂತನಾಗಿರಲಿಲ್ಲ. ಕುರ್ಚಿಯಲ್ಲಿ ಒರಗಿ ಕೂತೇ ಇದ್ದ.

"ಸಾರ್, ನಾನು ಬರ್ಕೊಟ್ಟಿದ್ದು ಇದಲ್ಲ."

"ನೀವು ಬರ್ಕೊಟ್ಟಿದ್ದು ಒಂದು ಪುರಾಣ ಮೇಡಂ. ಎರಡು ಕ್ಯಾಮೆರಾ, ಎರಡು ಲೆನ್ಸು, ಗಾಜಂತೆ, ಉಂಗುರವಂತೆ. ಮದುವೆ ಸಾಮಾನಿನ ಪಟ್ಟಿ ಇದ್ದ ಹಾಗಿತ್ತು. ಇಲ್ಲಿ ನೋಡಿ, ಡಬ್ಬದ ಮೇಲೇ ಬರ್ದಿದಾರೆ, ಮಳೆ, ಧೂಳು ಎರಡನ್ನೂ ತಡ್ಯುತ್ತೆ ಅಂತ."

"ಅದು ಕ್ಯಾಮೆರಾ ಡಬ್ಬ. ಲೆನ್ಸ್ ಡಬ್ಬದ ಮೇಲೆ ಬರ್ದಿದಾರಾ?"

ಅವನು ಲೆನ್ಸಿನ ಡಬ್ಬವನ್ನು ಆರೂ ಮಗ್ಗುಲು ತಿರುಗಿಸಿ ನೋಡಿದ. ಬರೆದಿರಲಿಲ್ಲ. "ಎರಡನ್ನೂ ಸೇರ್ಸಿ ತಾನೇ ಹಾಕ್ಕೊಳ್ಳೋದು?" ಎಂದ.

"ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ರೆ ಕಳ್ಳ ಹಾಗೇ ವಾಪಸ್ ಹೋಗ್ತಾನಾ ಸಾರ್?"

"ಒಂದೇ ಲೆನ್ಸು, ದೂರದ್ದೂ ಹಿಡಿಯುತ್ತೆ, ಹತ್ತಿರದ್ದೂ ಹಿಡಿಯುತ್ತೆ. ನಿಮಗೆ ಹೊರೆ ಕಡಿಮೆಯಾಯ್ತು. ಥ್ಯಾಂಕ್ಸ್ ಹೇಳೋದು ಬಿಟ್ಟು ಜಗಳ ಆಡ್ತೀರಲ್ಲ."

ಅವಳು ಲೆನ್ಸಿನ ಬಳೆಯನ್ನು ಹಿಡಿದು ತಿರುಗಿಸಿದಳು. ಲೆನ್ಸು ಮುಂದಕ್ಕೆ ಚಾಚಿಕೊಂಡು ಎರಡರಷ್ಟು ಉದ್ದವಾಯಿತು. ಹಿಂದಕ್ಕೆ ತಿರುಗಿಸಿದಳು, ಒಳಸೇರಿತು. "ನೋಡಿ ಸಾರ್, ಸೈಕಲ್ ಪಂಪು. ಚಾಚಿದಾಗೆಲ್ಲ ಗಾಳಿ ಎಳ್ಕೊಳ್ಳುತ್ತೆ. ಆ ಗಾಳೀಲಿ ಏನಿರುತ್ತೆ ಅಂತ ಒಂದಿನ ಗಣಿಗೆ ಬಂದು ಮೂಗು ಒರೆಸ್ಕೊಂಡು ನೋಡಿ."

ಆ ಮನುಷ್ಯ ಹನ್ನೊಂದು ವರ್ಷದ ನೌಕರಿಯಲ್ಲಿ ಒಮ್ಮೆಯೂ ಗಣಿಯೊಳಗೆ ಇಳಿದವನಲ್ಲ. ಅವನ ಬೂಟಿನ ಹೊಳಪೇ ಅದಕ್ಕೆ ಸಾಕ್ಷಿ. ಅಂಥವನು ಗಣಿಯ ಸಾಮಾನು ಆರಿಸುತ್ತಿದ್ದ ಎನ್ನುವುದೇ ಕೆಂಡಕ್ಕನ ಹೊಟ್ಟೆಯ ಉರಿ. ಇದನ್ನು ಹೇಳುವಾಗ ನನಗೂ ಉರಿಯುತ್ತದೆ, ಮುಚ್ಚಿಡುವುದೇಕೆ.

ಅವಳಿಗೆ ಐವತ್ತೊಂದು ವರ್ಷ. ಹಾಜರಿ ಪುಸ್ತಕದಲ್ಲಿದ್ದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಕೆಂಡಕ್ಕ. ಇಪ್ಪತ್ತಾರರಲ್ಲಿ ಸರ್ವೆ ವಿಭಾಗಕ್ಕೆ ಟೈಪಿಸ್ಟಾಗಿ ಸೇರಿದ್ದಳು. ಆಗ ಫೋಟೋ ತೆಗೆಯುತ್ತಿದ್ದವನು ಧೂಳಿಗೆ ಎದೆ ಕಟ್ಟಿ ಕೆಲಸ ಬಿಟ್ಟ. "ಎರಡು ದಿನ ನೋಡ್ಕೊಳ್ಳಮ್ಮ," ಎಂದು ಅವತ್ತಿನ ಸರ್ವೆಯರು ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿದರು. ಆ ಎರಡು ದಿನ ಇಪ್ಪತ್ತೈದು ವರ್ಷವಾಯಿತು. ಗಂಡ ಅದೇ ಕಂಪನಿಯ ಸುಣ್ಣದ ಗೂಡಿನಲ್ಲಿ ಫಿಟ್ಟರು, ಗಟ್ಟಿಯಾಗಿ ಸೀನಿದರೂ ಕ್ಷಮೆ ಕೇಳುವ ಜಾತಿ. ಬೆಂಕಿಯ ಕೆಲಸ ಅವನದು, ಬೆಂಕಿ ಮಾತ್ರ ಇವಳದು ಅಂತ ಜನ ನಗುತ್ತಿದ್ದರು. ಗಂಡನ ತಮ್ಮ ಗಣಿಯಲ್ಲಿ ಡ್ರಿಲ್ಲಿನವನು. ಇವಳು ಮದುವೆಯಾಗಿ ಬಂದಾಗ ಅವನಿಗೆ ಹತ್ತು ವರ್ಷ, ತಾಯಿ ಇರಲಿಲ್ಲ. ತಲೆ ಬಾಚಿ ಶಾಲೆಗೆ ಕಳಿಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಬೀಡಿ ಸೇದಿ ಸಿಕ್ಕಿಬಿದ್ದಾಗ ಕಿವಿ ಹಿಂಡಿದವಳು ಎಲ್ಲ ಇವಳೇ. ಈಗ ಅವನಿಗೆ ಮೂವತ್ತೆಂಟು, ಎರಡು ಮಕ್ಕಳ ತಂದೆ. ಆದರೂ ಅತ್ತಿಗೆ ಕಣ್ಣು ಬಿಟ್ಟರೆ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು.

ಅವಳ ಕೆಲಸವೇನು ಅಂತ ಹೇಳಬೇಕು. ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಬೆಂಚ್ ಎನ್ನುತ್ತಾರೆ. ಬೆಂಚಿನ ಹಿಂದೆ ನಾಲ್ಕಾಳೆತ್ತರದ ಬಂಡೆಯ ಗೋಡೆ. ಸಿಡಿಮದ್ದಿಗೆ ತೂತು ಕೊರೆಯುವವರು ದಿನವಿಡೀ ಆ ಗೋಡೆಯ ಬುಡದಲ್ಲಿರುತ್ತಾರೆ. ಗೋಡೆ ಹೇಳದೆ ಕೇಳದೆ ಬೀಳುವುದಿಲ್ಲ, ಬೀಳುವ ಮೊದಲು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಆ ಬಿರುಕನ್ನು ಹಿಡಿಯಲು ಎದುರು ದಿಬ್ಬದ ಮೇಲೆ ನಾಲ್ಕು ಕಬ್ಬಿಣದ ಗೂಟಗಳನ್ನು ಕಾಂಕ್ರೀಟಿನಲ್ಲಿ ಹುಗಿದಿದ್ದರು. ಗೂಟದ ತಲೆಯ ತಟ್ಟೆಗೆ ಕ್ಯಾಮೆರಾ ಬಿಗಿದರೆ ಎಳ್ಳಷ್ಟೂ ಅಲುಗದು. ದಿನವೂ ಬೆಳಗ್ಗೆ ಏಳಕ್ಕೆ ಅದೇ ಗೂಟ, ಅದೇ ಚೌಕಟ್ಟು, ಅದೇ ಗೋಡೆ. ನಿನ್ನೆಯ ಚಿತ್ರವನ್ನೂ ಇಂದಿನದನ್ನೂ ಒಂದರ ಮೇಲೊಂದಿಟ್ಟರೆ ಬದಲಾದದ್ದು ಮಾತ್ರ ಎದ್ದು ಕಾಣಬೇಕು. ಕೆಂಡಕ್ಕ ಚಿತ್ರ ನೋಡಿ 'ಹೊಸ ಗೆರೆ ಇಲ್ಲ' ಎಂದು ಸಹಿ ಹಾಕಿದ ಮೇಲೆಯೇ ಬೆಂಚಿನ ದಾರಿಗೆ ಕಟ್ಟಿದ ಸರಪಳಿ ಬಿಚ್ಚುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಅವಳು ಏಳು ಸಲ ಸಹಿ ಹಾಕಲು ಒಲ್ಲೆ ಎಂದಿದ್ದಳು. ಏಳರಲ್ಲಿ ಐದು ಸಲ ಗೋಡೆ ಬಿದ್ದಿತ್ತು. ಕೆಳಗೆ ಯಾರೂ ಇರಲಿಲ್ಲ.

ಹಳೆಯ ಕ್ಯಾಮೆರಾ ಧೂಳು ತಿಂದು ತಿಂದು ಸತ್ತ ಮೇಲೆ ಹೊಸದನ್ನು ಆರಿಸಲು ಅವಳು ಮೂರು ವಾರ ತೆಗೆದುಕೊಂಡಳು. ಪೇಟೆಯ ಕ್ಯಾಮೆರಾ ಅಂಗಡಿಗೆ ಆರು ಸಲ ಹೋದಳು. ಅಂಗಡಿಯವನು ಮೊದಲ ದಿನ ಚಹಾ ಕೊಟ್ಟ, ಆರನೇ ದಿನ ಕಂಡ ಕೂಡಲೇ ಒಳಗೆ ಹೋದ. ಆದರೆ ಪ್ರಾಮಾಣಿಕ ಮನುಷ್ಯ. "ಸೀಲ್ ಅಂದ್ರೆ ಮಾಯಮಂತ್ರ ಅಲ್ಲಕ್ಕಾ," ಎಂದಿದ್ದ. "ಧೂಳು, ನೀರು ಒಳಗೆ ಹೋಗೋದನ್ನ ತಡ ಮಾಡುತ್ತೆ, ಅಷ್ಟೇ. ಹೋದ್ಮೇಲೆ ಕಂಪನಿಯವ್ರು ಮುಖ ತಿರುಗಿಸ್ಕೋತಾರೆ. ಕ್ಯಾಮೆರಾಕ್ಕೆ ಸೀಲ್ ಇದ್ದು ಲೆನ್ಸಿಗೆ ಇಲ್ದಿದ್ರೆ ಇದ್ದೂ ಇಲ್ದಂಗೆ." ಅದನ್ನೆಲ್ಲ ಕೇಳಿಕೊಂಡು ಅವಳು ಹಾಳೆಯ ಎರಡೂ ಮಗ್ಗುಲು ಬರೆದಳು. ಕ್ಯಾಮೆರಾದ ಗುಂಡಿಗಳಿಗೂ ಬ್ಯಾಟರಿಯ ಮುಚ್ಚಳಕ್ಕೂ ಸೀಲ್ ಇರಬೇಕು. ಲೆನ್ಸಿನ ಬುಡದಲ್ಲಿ ರಬ್ಬರ್ ಉಂಗುರ ಇರಬೇಕು. ಚಾಚುವ ಲೆನ್ಸು ಬೇಡ, ಒಳಗೊಳಗೇ ಜರುಗುವಂಥದ್ದು ಬೇಕು. ಮುಂದೆ ಒಂದು ರಕ್ಷಣೆಯ ಗಾಜು. ಅಗಲದ ಚಿತ್ರಕ್ಕೊಂದು, ದೂರದ್ದಕ್ಕೊಂದು, ಹೀಗೆ ಎರಡು ಲೆನ್ಸು. ಎರಡಕ್ಕೂ ಬೇರೆ ಬೇರೆ ಕ್ಯಾಮೆರಾ, ಯಾಕೆಂದರೆ ಗಣಿಯಲ್ಲಿ ನಿಂತು ಲೆನ್ಸು ಬದಲಿಸುವುದೆಂದರೆ ಸುಂಟರಗಾಳಿಯಲ್ಲಿ ಗಾಯದ ಪಟ್ಟಿ ಬಿಚ್ಚಿದ ಹಾಗೆ. ಧೂಳು ಅಡಗಿಸಲೆಂದು ಟ್ಯಾಂಕರಿನವರು ದಾರಿಗೆಲ್ಲ ನೀರು ಚಿಮ್ಮಿಸುತ್ತಾರೆ, ಆ ನೀರು ಸುಣ್ಣದ ಪುಡಿಗೆ ಸೇರಿ ಗಾಳಿಯಲ್ಲೇ ಗಂಜಿಯಾಗುತ್ತದೆ, ಒಣಗಿದರೆ ಕಲ್ಲಾಗುತ್ತದೆ ಅಂತ ಕೊನೆಯಲ್ಲಿ ವಿವರಿಸಿ ಕೆಳಗೆರಡು ಗೆರೆ ಎಳೆದಿದ್ದಳು.

ಎಲ್ಲ ಕಲ್ಲಿನ ಮೇಲೆ ಮಳೆ ಹೊಯ್ದ ಹಾಗಾಯಿತು. ಬಂದದ್ದು ಸೈಕಲ್ ಪಂಪು.

ಎರಡನೇ ವಾರಕ್ಕೆಲ್ಲ ಚಿತ್ರಗಳಲ್ಲಿ ಚುಕ್ಕೆ ಕಾಣಿಸಿಕೊಂಡವು. ಚಿತ್ರ ಹಿಡಿಯುವ ಒಳಗಿನ ಸೆನ್ಸರಿನ ಮೇಲೆ ಕೂತ ಧೂಳು ಅದು. ಮೊದಲು ಐದು, ಆಮೇಲೆ ಹನ್ನೆರಡು, ತಿಂಗಳಾಗುವಾಗ ನಲವತ್ತು. ಅವಳು ಪತ್ರ ಬರೆದಳು. ಉತ್ತರವಿಲ್ಲ. ಇನ್ನೊಂದು, ಮತ್ತೊಂದು ಬರೆದಳು. ನಾಲ್ಕನೆಯದಕ್ಕೆ ಖರೀದಿ ಅಧಿಕಾರಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ಕಳಿಸಿದ: 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.' ಅವಳು ಆ ಹಾಳೆಯನ್ನು ಹರಿಯಲಿಲ್ಲ. ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ನೇರ ಅವನ ಕೋಣೆಗೆ ಹೋಗಿ, ಮೂರು ಕೋಣೆಯಾಚೆಗೂ ಕೇಳುವ ಹಾಗೆ ಬೈದಳು. ಬೈದದ್ದೇ ಬಂತು. ಅವಳ ಬೈಗುಳ ಆ ಕಟ್ಟಡಕ್ಕೆ ಫ್ಯಾನಿನ ಸದ್ದಿನಷ್ಟೇ ರೂಢಿಯಾಗಿತ್ತು.

ಸೆನ್ಸರ್ ಒರೆಸಬಹುದಿತ್ತು. ಅವಳಿಗೆ ಬರುತ್ತಿತ್ತು ಕೂಡ. ಆದರೆ ನೌಕರರು ಸೆನ್ಸರ್ ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ, ಕಂಪನಿಗೇ ಕಳಿಸಬೇಕು ಅಂತ ಅದೇ ಅಧಿಕಾರಿಯ ಆದೇಶ. ಕಳಿಸುವ ಚೀಟಿಗೆ ಸಹಿ ಹಾಕಬೇಕಾದವನೂ ಅವನೇ. ಚೀಟಿ ಅವನ ಮೇಜಿನ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತಿತ್ತು.

ಆಮೇಲೆ ಕೂದಲಿನ ಪ್ರಸಂಗ ನಡೆಯಿತು. ಒಂದು ಬೆಳಗ್ಗೆ ಮೂರನೇ ಗೂಟದ ಚಿತ್ರದಲ್ಲಿ ಗೋಡೆಯ ನಡುಮಧ್ಯೆ ತೆಳ್ಳನೆಯ ವಕ್ರ ಗೆರೆ. ಮರುದಿನವೂ ಅದೇ ಜಾಗದಲ್ಲಿ ಅದೇ ಗೆರೆ. ಗೂಟಕ್ಕೆ ಬಿಗಿದ ಕ್ಯಾಮೆರಾ ನೋಡಿ, ಚೌಕಟ್ಟು ಅಲುಗುವುದಿಲ್ಲ. ಕ್ಯಾಮೆರಾದೊಳಗಿನ ಕೊಳೆ ದಿನವೂ ಬಂಡೆಯ ಅದೇ ಜಾಗಕ್ಕೆ ಬಂದು ಕೂರುತ್ತದೆ, ಥೇಟ್ ಬಿರುಕಿನ ಹಾಗೆ. ಉಳಿದ ಮೂರು ಗೂಟದ ಚಿತ್ರಗಳಲ್ಲಿ ಆ ಜಾಗಕ್ಕೆ ನೆರಳೋ ಪೊದೆಯೋ ಬಂದು ಗೆರೆ ಮುಚ್ಚಿಹೋಗಿತ್ತು. ಗೆರೆ ಕಂಡರೆ ಮೊದಲು ನಿಲ್ಲಿಸು, ಆಮೇಲೆ ವಿಚಾರಿಸು ಎನ್ನುವುದು ನಿಯಮ. ಅವಳು ನಿಲ್ಲಿಸಿದಳು. ಹಗ್ಗ ಕಟ್ಟಿಕೊಂಡು ಇಬ್ಬರು ಇಳಿದು ಗೋಡೆ ಬಡಿದು ನೋಡಿದರು. ಏನೂ ಇರಲಿಲ್ಲ. ಸೆನ್ಸರಿನ ಮೇಲೆ ಒರೆಸುವ ಬಟ್ಟೆಯ ಒಂದು ಎಳೆ ಬಿದ್ದಿತ್ತು. ಲೆನ್ಸು ಕಳಚಿ ರಬ್ಬರ್ ಬುರುಡೆಯಿಂದ ಗಾಳಿ ಊದಿದ ಕೂಡಲೇ ಹಾರಿಹೋಯಿತು. ಒಂದು ಇಡೀ ಪಾಳಿ ಹಾಳಾಯಿತು. ಕ್ಯಾಂಟೀನಿನಲ್ಲಿ ವಾರವೆಲ್ಲ ನಗೆ. ಯಾರದೋ ತಟ್ಟೆಯಲ್ಲಿ ಕೂದಲು ಸಿಕ್ಕರೆ, "ನಿಲ್ಸಿ, ನಿಲ್ಸಿ, ಗುಡ್ಡ ಬೀಳುತ್ತೆ," ಎಂದು ಕೂಗುತ್ತಿದ್ದರು. ಮೈದುನನೂ ಅವರ ಜೊತೆ ಸೇರಿ ನಕ್ಕ. ಇವಳು ಮೂರು ದಿನ ಅವನ ಜೊತೆ ಮಾತು ಬಿಟ್ಟಳು.

ಮ್ಯಾನೇಜರ್ ಕರೆಸಿ ಎರಡು ಆದೇಶ ಕೊಟ್ಟರು. ಒಂದು, ಚಿತ್ರದ ಮೇಲಿನ ಚುಕ್ಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿ, ಶುಭ್ರ ಮಾಡಿ ಆಫೀಸಿನ ಬೋರ್ಡಿಗೆ ಅಂಟಿಸಬೇಕು. ಮೇಲಿನವರು ಬಂದಾಗ ಬೋರ್ಡು ನೋಡಿ ಇದೇನು ಸಿಡುಬು ಅಂತ ಕೇಳಬಾರದು. ಎರಡು, ಅಳಿಸುತ್ತ ಕೂತರೆ ತಡವಾಗುತ್ತದೆ, ಹಾಗಾಗಿ ಫೋಟೋ ತೆಗೆದ ಕೂಡಲೇ ಸರಪಳಿ ಬಿಚ್ಚಿಬಿಡಲಿ, ಸಹಿ ನಿಧಾನಕ್ಕೆ ಆಗಲಿ.

"ಸಾರ್, ಸಹಿಗಿಂತ ಮುಂಚೆ ಸರಪಳಿ ಬಿಚ್ಚೋದಾದ್ರೆ ನಾನ್ಯಾಕೆ?"

"ಎಲ್ಲದಕ್ಕೂ ಕೂಗಾಡ್ಬೇಡಿ. ಕೂದ್ಲು ಯಾವ್ದು, ಬಂಡೆ ಯಾವ್ದು ಅಂತ ಗೊತ್ತಾಗ್ದಿದ್ದವ್ರು ನೀವು."

ಆ ಮಾತು ಅವಳ ಬಾಯಿ ಕಟ್ಟಿತು. ತಾನು ಮಾಡಿದ್ದು ಸರಿ ಅಂತ ಗೊತ್ತಿದ್ದೂ ಕಟ್ಟಿತು. ಅವಮಾನಕ್ಕೆ ಇರುವ ಶಕ್ತಿ ಅದು, ಸರಿ ಇದ್ದವರನ್ನೇ ಹೆಚ್ಚು ತಿನ್ನುತ್ತದೆ.

ಅಂದಿನಿಂದ ದಿನವೂ ಬೆಳಗ್ಗೆ ಅವಳ ಕೆಲಸ ಅಳಿಸುವುದು. ಸರ್ವೆ ಕೋಣೆಯ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಹಲ್ಲು ಕಚ್ಚಿಕೊಂಡು, ಒಂದೊಂದೇ ಚುಕ್ಕೆಯ ಮೇಲೆ ಬಾಣದ ಗುರುತಿಟ್ಟು ಒತ್ತುವುದು. ಒತ್ತಿದರೆ ಅಕ್ಕಪಕ್ಕದ ಬಂಡೆಯ ಬಣ್ಣ ಬಂದು ಚುಕ್ಕೆ ಮುಚ್ಚಿಕೊಳ್ಳುತ್ತದೆ. ನಾಲ್ಕು ಚಿತ್ರ, ಒಂದೊಂದರಲ್ಲೂ ನಲವತ್ತೋ ಐವತ್ತೋ. ಒತ್ತುವಾಗಲೆಲ್ಲ ಮನಸ್ಸಿನಲ್ಲಿ ಖರೀದಿ ಅಧಿಕಾರಿಯ ವಂಶವನ್ನು ಒಂದು ತಲೆಮಾರು ಹಿಂದಕ್ಕೆ ಬೈಯುತ್ತಿದ್ದಳು. ಕೈ ಚುರುಕಾಯಿತು. ಚುಕ್ಕೆಗಳ ಜಾಗವೂ ಬಾಯಿಪಾಠವಾಯಿತು. ಮೇಲೆ ಎಡಕ್ಕೆ ದೊಡ್ಡದೊಂದು, ಅದಕ್ಕೆ ಸಾಹೇಬ ಅಂತ ಹೆಸರಿಟ್ಟಿದ್ದಳು. ಮೂರನೇ ಗೂಟದ ಚಿತ್ರದಲ್ಲಿ ಗೋಡೆಯ ಬಲಭುಜದ ಹತ್ತಿರ ಸಾಲಾಗಿ ಮೂರು, ಅವು ಅಕ್ಕತಂಗಿಯರು. ಒಂದು ದಿನ ಅವುಗಳ ಕೆಳಗೆ ನಾಲ್ಕನೆಯದೊಂದು ಕಾಣಿಸಿತು. ಹೊಸ ಚುಕ್ಕೆ ಬರುವುದು ಹೊಸದೇನಲ್ಲ. 'ನೀನೂ ಬಂದ್ಯಾ' ಎಂದುಕೊಂಡು ಒತ್ತಿದಳು. ಮರುದಿನವೂ ಒತ್ತಿದಳು.

ಆ ನಾಲ್ಕನೆಯದು ಬಂದ ಎಂಟನೇ ದಿನದ ಹೊತ್ತಿಗೆ ಚುಕ್ಕೆಗಳು ಎಷ್ಟಾದವೆಂದರೆ ಅಳಿಸಿ ಮುಗಿಸುವಾಗ ಹತ್ತು ಗಂಟೆ. ಒಂಬತ್ತನೇ ದಿನ ಅವಳಿಗೆ ತಡೆಯಲಾಗಲಿಲ್ಲ. ಮರುದಿನ ಗಣಿಗೆ ರಜೆ. ಆದೇಶವನ್ನು ಗಾಳಿಗೆ ತೂರಿ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದಳು.

ರಜೆಯ ದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಆವಿಗೆ ಗಾಳಿಯ ಧೂಳೆಲ್ಲ ಕೆಳಗೆ ಕೂತ ಮೇಲೆ, ಬಾಗಿಲು ಹಾಕಿಕೊಂಡು ಲೆನ್ಸು ಕಳಚಿದಳು. ಗಂಡನ ಕೈಗೆ ಟಾರ್ಚು ಕೊಟ್ಟಳು.

"ಉಸಿರು ಬಿಡ್ಬೇಡಿ."

"ಎಷ್ಟೊತ್ತು?"

"ನಾನು ಹೇಳೋ ತನಕ."

ಆ ಬಡಪಾಯಿ ಕೆನ್ನೆ ಉಬ್ಬಿಸಿಕೊಂಡು ನಿಂತ. ಅವಳು ಅಂಗಡಿಯವನು ಕೊಟ್ಟಿದ್ದ ಚಪ್ಪಟೆ ಕಡ್ಡಿಯನ್ನು ದ್ರವದಲ್ಲಿ ಅದ್ದಿ, ಸೆನ್ಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದಳು. ಕಡ್ಡಿಯ ತುದಿ ಬೂದುಬಣ್ಣಕ್ಕೆ ತಿರುಗಿತು. ಇನ್ನೊಂದು ಕಡ್ಡಿ, ಮತ್ತೊಂದು ಕಡ್ಡಿ. ಆರನೆಯದು ಬೆಳ್ಳಗೇ ಬಂತು. "ಈಗ ಬಿಡಿ," ಎಂದಳು. ಗಂಡ ಯಾವಾಗಲೋ ಬಿಟ್ಟಿದ್ದ. ಅವತ್ತು ಅವಳಿಗೆ ಬಹಳ ದಿನದ ಮೇಲೆ ನೆಮ್ಮದಿಯಾಗಿತ್ತು. ಮಧ್ಯಾಹ್ನ ಎರಡು ತಾಸು ನಿದ್ದೆ ಮಾಡಿದಳು.

ಮರುದಿನ ಬೆಳಗ್ಗೆ ಏಳಕ್ಕೆ ನಾಲ್ಕು ಗೂಟದಿಂದಲೂ ಚಿತ್ರ ತೆಗೆದಳು. ಹಿಂದೆಯೇ ಸರಪಳಿ ಬಿಚ್ಚಿದರು, ಡ್ರಿಲ್ಲಿನವರು ಒಳಗೆ ಹೋದರು. ಅವಳು ಕೋಣೆಗೆ ಬಂದು ಚಿತ್ರ ತೆರೆದಳು. ಕನ್ನಡಿಯ ಹಾಗೆ ಶುಭ್ರ. ಸಾಹೇಬ ಇರಲಿಲ್ಲ. ಅಕ್ಕತಂಗಿಯರು ಮೂವರೂ ಇರಲಿಲ್ಲ.

ನಾಲ್ಕನೆಯದು ಇತ್ತು.

ಅವಳು ಅದನ್ನು ದೊಡ್ಡದು ಮಾಡಿದಳು. ಸೆನ್ಸರಿನ ಧೂಳು ಚಿತ್ರದಲ್ಲಿ ಮಸುಕಾಗಿರುತ್ತದೆ, ಅಂಚು ಕರಗಿರುತ್ತದೆ. ಇದರ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ಚೂಪಾಗಿತ್ತು. ಇಪ್ಪತ್ತೈದು ವರ್ಷದ ಕಣ್ಣಿಗೆ ಮೊದಲ ದಿನವೇ ಗೊತ್ತಾಗಬೇಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತೇ? ಕಳೆದ ಒಂಬತ್ತು ದಿನದ ಅಳಿಸದ ಮೂಲಚಿತ್ರಗಳನ್ನು ಹೊರತೆಗೆದು ಸಾಲಾಗಿ ಇಟ್ಟಳು. ಮೊದಲ ದಿನ ಎಳ್ಳಿನಷ್ಟು, ನಾಲ್ಕನೇ ದಿನ ಅಕ್ಕಿಯಷ್ಟು, ಒಂಬತ್ತನೇ ದಿನ ಉಗುರಿನಷ್ಟು. ಇವತ್ತು ಅದರಿಂದ ಕೆಳಕ್ಕೆ ಒಂದು ಗೆರೆ ಇಳಿದಿತ್ತು. ಒಂಬತ್ತು ದಿನವೂ ಗೋಡೆ ಹೇಳಿತ್ತು. ಒಂಬತ್ತು ದಿನವೂ ಅದರ ಬಾಯಿ ಮುಚ್ಚಿದ್ದು ಇವಳ ಬೆರಳು. ಆ ಗೋಡೆಯ ಬಲಭುಜದ ಕೆಳಗೆ ಕೊರೆಯುತ್ತಿದ್ದ ಡ್ರಿಲ್ಲು ಮೈದುನನದು.

ಫೋನೆತ್ತಿ ಮ್ಯಾನೇಜರಿಗೆ ಹೇಳಿದಳು. "ಮತ್ತೆ ಕೂದ್ಲಾ?" ಎಂದರು ಅವರು. "ಮೀಟಿಂಗಲ್ಲಿದೀನಿ, ಅರ್ಧ ಗಂಟೆ ಬಿಟ್ಟು ಬನ್ನಿ."

ಅವಳು ಫೋನನ್ನು ಇಡಲಿಲ್ಲ, ಬಿಸಾಡಿದಳು. ಓಡಿದಳು. ಐವತ್ತೊಂದರ ಮಂಡಿ ಇಳಿಜಾರಿನಲ್ಲಿ ಎರಡು ಸಲ ಮುಗ್ಗರಿಸಿತು. ಟ್ಯಾಂಕರಿನ ನೀರು ಮುಖಕ್ಕೆ ಹೊಡೆಯಿತು. ಬೆಂಚಿನಲ್ಲಿ ಆರು ಜನ, ಮೂರು ಡ್ರಿಲ್ಲು, ಕಿವಿ ಒಡೆಯುವ ಸದ್ದು. "ಹೊರಗೆ ಬನ್ರೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಕೈಬೀಸಿ ಕೂಗಿದಳು. ಅವರು ನೋಡಿದರು. ಕೆಂಡಕ್ಕ ಇವತ್ತು ಯಾರ ಮೇಲೆ ಅಂತ ಒಬ್ಬನ ಮುಖ ಇನ್ನೊಬ್ಬ ನೋಡಿ ನಕ್ಕರು. ಕೆಲಸ ನಿಲ್ಲಲಿಲ್ಲ. ದಿನಾ ಕೂಗುವವಳ ಕೂಗಿಗೆ ಯಾರು ಬೆದರುತ್ತಾರೆ? ಇಷ್ಟು ವರ್ಷ ಸಿಟ್ಟನ್ನು ಸಿಕ್ಕಸಿಕ್ಕಲ್ಲಿ ಚೆಲ್ಲಿದ್ದಕ್ಕೆ, ಬೇಕಾದಾಗ ಅದಕ್ಕೆ ಬೆಲೆಯಿರಲಿಲ್ಲ.

ಅವಳು ಮೈದುನನ ಹತ್ತಿರಕ್ಕೇ ಹೋದಳು. ಅವನು ಡ್ರಿಲ್ಲಿನ ವೇಗ ಇಳಿಸಿ ಕಿವಿಯ ಮುಚ್ಚಳ ಸರಿಸಿದ.

"ಏನತ್ತಿಗೆ? ಕೂದ್ಲಾ, ಬಂಡೆನಾ?"

ಬೇರೆ ದಿನವಾಗಿದ್ದರೆ ಕೆನ್ನೆಗೆ ಬಿಡುತ್ತಿದ್ದಳು. ಈಗ ಅವನ ತೋಳು ಹಿಡಿದುಕೊಂಡಳು. ದನಿ ಏಳಲಿಲ್ಲ. "ಮೇಲೆ ಬಿರುಕಿದೆ ಕಣೋ," ಎಂದಳು. "ಒಂಬತ್ತು ದಿನದಿಂದ ಇದೆ. ಧೂಳು ಅಂದ್ಕೊಂಡು ದಿನಾ ನಾನೇ ಅಳಿಸ್ದೆ. ನನ್ನ ಕೈಯಿಂದಲೇ ಅಳಿಸ್ದೆ."

ಅವನ ನಗು ಹಾಗೇ ನಿಂತಿತು. ಅತ್ತಿಗೆ ತಪ್ಪು ಒಪ್ಪಿಕೊಂಡದ್ದನ್ನು ಅವನು ಇಪ್ಪತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಡ್ರಿಲ್ಲು ಓಡಿಸುವ ಗಾಳಿಯ ಕೊಳವೆ ಮುಚ್ಚಿದ. ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹೊಡೆದ. ಉಳಿದವರು ಅವನ ಮುಖ ನೋಡಿ ಕೈಲಿದ್ದದ್ದನ್ನು ಅಲ್ಲಲ್ಲೇ ಬಿಟ್ಟು ಹೊರಟರು. ಸರಪಳಿಯಾಚೆ ಬಂದು ಎಣಿಸಿದರು, ಆರೂ ಜನ ಇದ್ದರು, ಅವಳು ಏಳನೆಯವಳು.

ಗೋಡೆ ಬಿದ್ದದ್ದು ಹನ್ನೊಂದೂ ಕಾಲಿಗೆ. ಬಲಭುಜ ಪೂರ್ತಿ ಕಳಚಿ ಬಂತು. ಧೂಳು ಇಳಿದ ಮೇಲೆ ನೋಡಿದರೆ ಮೈದುನನ ಡ್ರಿಲ್ಲಿನ ಒಂದು ಚಕ್ರ ಮಾತ್ರ ಹೊರಗೆ ಕಾಣುತ್ತಿತ್ತು. ಅವನು ಅದನ್ನು ನೋಡಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಒಂಬತ್ತು ದಿನಾನಾ?" ಎಂದು ಕೇಳಿದ. ಅವಳು ಹೂಂ ಎಂದಳು. ಅವನು ಹೊರಟುಹೋದ. ಅವತ್ತಿನಿಂದ ಮಾತು ಬಿಟ್ಟವನು ಅವನು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಎಲ್ಲರೂ ಓಡಿಬಂದರು. ಗಣಿ ಸುರಕ್ಷತೆಯ ಇನ್ಸ್‌ಪೆಕ್ಟರು ಬಂದು, ಇನ್ನು ಮೇಲೆ ಛಾಯಾಗ್ರಾಹಕಿಯ ಸಹಿ ಇಲ್ಲದೆ ಒಂದು ನೊಣವೂ ಬೆಂಚಿಗೆ ಹೋಗಕೂಡದು ಎಂದು ಬರೆದು ಹೋದರು. ಕಂಪನಿ ವಿಚಾರಣೆ ಇಟ್ಟಿತು. ಉದ್ದ ಮೇಜು, ಮೂರು ಕುರ್ಚಿ. ನಡುವೆ ಮ್ಯಾನೇಜರ್, ಪಕ್ಕದಲ್ಲಿ ನಗುಮುಖದ ಖರೀದಿ ಅಧಿಕಾರಿ, ಇನ್ನೊಂದು ಪಕ್ಕ ಬರೆದುಕೊಳ್ಳುವ ಗುಮಾಸ್ತ. ಆರೋಪಿಯೇ ಪಂಚಾಯತಿಗೆ ಕೂತಿದ್ದ, ಕೇಳುವವರಿರಲಿಲ್ಲ.

"ಬಿರುಕು ಅಳ್ಸಿದ್ದು ನೀವೇ ತಾನೇ?" ಎಂದ ಅಧಿಕಾರಿ.

"ಹೌದು, ನಾನೇ. ಬರ್ಕೊಳ್ಳಿ."

ಅವಳು ಕೂಗಾಡುತ್ತಾಳೆ ಎಂದು ಕಾದಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಗುಮಾಸ್ತ ಬರೆದ. 'ಛಾಯಾಗ್ರಾಹಕಿಯ ಕೈತಪ್ಪಿನಿಂದ.' ಹಾಳೆಯನ್ನು ಸಹಿಗೆ ಅವಳ ಮುಂದೆ ಸರಿಸಿದರು.

"ಇದು ಒಂದನೇ ಸಾಲು," ಎಂದಳು. "ಎರಡನೇದು ಎಲ್ಲಿ?"

"ಯಾವ ಎರಡನೇದು?"

ಅವಳು ಬ್ಯಾಗಿನಿಂದ ನಾಲ್ಕು ಪತ್ರದ ನಕಲು ತೆಗೆದಿಟ್ಟಳು, ಕೆಂಪು ಶಾಯಿಯದು ಎಲ್ಲಕ್ಕಿಂತ ಮೇಲೆ. "ಧೂಳು ಒಳಗೆ ಬಿಟ್ಟೋರು ಯಾರು, ಅಳಿಸು ಅಂದೋರು ಯಾರು, ಸಹಿಗಿಂತ ಮುಂಚೆ ಸರಪಳಿ ಬಿಚ್ಚಿಸ್ದೋರು ಯಾರು, ಅದು. ನನ್ನ ತಪ್ಪು ನಾನು ಹೊರ್ತೀನಿ, ತಲೆ ತಗ್ಗಿಸಿ ಹೊರ್ತೀನಿ. ನಿಮ್ಮದನ್ನೂ ನನ್ನ ತಲೆ ಮೇಲೆ ಇಡ್ಬೇಡಿ. ಎರಡನೇ ಸಾಲು ಬರೆಯೋ ತನಕ ಈ ಹಾಳೆಗೂ ಸಹಿ ಇಲ್ಲ, ಬೆಳಗಿನ ಚಿತ್ರಕ್ಕೂ ಸಹಿ ಇಲ್ಲ."

"ಕೆಲಸದಿಂದ ತೆಗೀಬೇಕಾಗುತ್ತೆ," ಎಂದರು ಮ್ಯಾನೇಜರ್.

"ತೆಗೀರಿ. ಆಮೇಲೆ ಸಹಿ ಯಾರು ಹಾಕ್ತಾರೆ? ಇವ್ರಾ? ಇವ್ರ ಬೂಟು ಕೊಳೆಯಾಗುತ್ತೆ ಸಾರ್."

ನಾಲ್ಕು ದಿನ ಸರಪಳಿ ಬಿಚ್ಚಲಿಲ್ಲ. ಅವಳು ದಿನವೂ ಏಳಕ್ಕೆ ಬಂದು, ಗೋಡೆ ಬಿದ್ದ ದಿನ ಮತ್ತೆ ಧೂಳು ಕುಡಿದ ಅದೇ ಕ್ಯಾಮೆರಾವನ್ನು ಗೂಟಕ್ಕೆ ಬಿಗಿದು, ಚಿತ್ರ ತೆಗೆದು, ಒಂದೂ ಚುಕ್ಕೆ ಅಳಿಸದೆ ಹಾಗೇ ಬೋರ್ಡಿಗೆ ಅಂಟಿಸಿದಳು. ಕೆಳಗೆ ಬರೆದಳು: 'ಧೂಳೋ ಬಿರುಕೋ ಈ ಕ್ಯಾಮೆರಾದಲ್ಲಿ ಹೇಳಲಾಗದು.' ಕೂಲಿ ಇಲ್ಲದೆ ಕೂತ ಜನ ಅವಳನ್ನೂ ಬೈದರು, ಆಫೀಸನ್ನೂ ಬೈದರು. ಅವಳು ಯಾರಿಗೂ ತಿರುಗಿ ಉತ್ತರ ಕೊಡಲಿಲ್ಲ. ಆ ಮೌನಕ್ಕೆ ಆಫೀಸು ಹೆದರಿದಷ್ಟು ಅವಳ ಗಂಟಲಿಗೆ ಎಂದೂ ಹೆದರಿರಲಿಲ್ಲ. ಐದನೇ ದಿನ ಎರಡನೇ ಸಾಲು ಬಂತು, ಮ್ಯಾನೇಜರರ ಕೈಬರಹದಲ್ಲಿ, ಮೂರು ಪ್ರಶ್ನೆಗೂ ಮೂರು ಉತ್ತರ. ಅವಳು ಎರಡು ಸಲ ಓದಿ ಸಹಿ ಹಾಕಿದಳು. ಅವಳ ಒಂದು ಬಡ್ತಿ ಹೋಯಿತು. ಖರೀದಿ ಅಧಿಕಾರಿಯನ್ನು ಬೇರೆ ಆಫೀಸಿಗೆ ಕಳಿಸಿದರು. ಅಲ್ಲಿ ಅವನು ಇನ್ಯಾರಿಗೋ ಇನ್ನೇನೋ ಆರಿಸುತ್ತಿರಬೇಕು.

ದಿನವೂ ಸೆನ್ಸರ್ ಒರೆಸಿ ಚಿತ್ರ ತೆಗೆದು ನಡೆಸಿದ ಕೆಲವು ದಿನದ ಮೇಲೆ ಹೊಸ ಡಬ್ಬಗಳು ಬಂದವು. ಎರಡು ಕ್ಯಾಮೆರಾ, ಎರಡು ಲೆನ್ಸು, ಬುಡದಲ್ಲಿ ಕಪ್ಪು ರಬ್ಬರ್ ಉಂಗುರ, ಮುಂದೆ ರಕ್ಷಣೆಯ ಗಾಜು. ಮೊದಲ ಬೆಳಗ್ಗೆ ಅವಳು ಮೂರನೇ ಗೂಟಕ್ಕೆ ಕ್ಯಾಮೆರಾ ಬಿಗಿಯುತ್ತಿದ್ದಾಗ ಯಾರೋ ದಿಬ್ಬ ಹತ್ತಿ ಬಂದ ಸದ್ದಾಯಿತು. ಮೈದುನ. ಟೋಪಿ ಕೈಯಲ್ಲಿತ್ತು. ಹದಿನೇಳು ದಿನದ ಮೇಲೆ ಅವನು ಬಾಯಿ ಬಿಟ್ಟ.

"ಇದ್ರಲ್ಲಿ ಸರಿಯಾಗಿ ಕಾಣುತ್ತಾ ಅತ್ತಿಗೆ?"

ಅವಳು ಚಿತ್ರ ತೆಗೆದು, ಹಿಂದಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. ಬಂಡೆಯ ಒಂದೊಂದು ಕಣವೂ ಎಣಿಸುವ ಹಾಗಿತ್ತು. ಹೆಮ್ಮೆಯಾಗಬೇಕಿತ್ತು. ಮೈಯೆಲ್ಲ ಸಿಟ್ಟು ಬಂತು, ಈ ಸಲ ಬೈಯಲು ತನ್ನನ್ನು ಬಿಟ್ಟು ಯಾರೂ ಇರಲಿಲ್ಲ.

"ಅದ್ರಲ್ಲೂ ಕಾಣ್ತಿತ್ತು ಕಣೋ," ಎಂದಳು.

ಅವನು ಟೋಪಿ ಹಾಕಿಕೊಂಡು ಕೆಳಗಿಳಿದ. ಅವಳು ನಾಲ್ಕೂ ಚಿತ್ರ ನೋಡಿ ಮುಗಿಸಿ ಸಹಿ ಹಾಕುವವರೆಗೂ ಸರಪಳಿಯ ಈಚೆಗೇ ನಿಂತು ಕಾದ.